ಕೈ ಹಾಕಿದರೆ ಕೇಸು: ಮೇನ್ ಕಡಲಲ್ಲಿ ಡೈವರ್‌ಗೆ ಲಾಬ್‌ಸ್ಟರ್ ಯಾಕೆ ಸಿಗಲ್ಲ?

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಅಂತ ಒಂದು ರಾಜ್ಯ ಇದೆ. ಮಂಡ್ಯಕ್ಕೆ ಕಬ್ಬು ಹೇಗೋ ಅಲ್ಲಿಗೆ ಲಾಬ್‌ಸ್ಟರ್ ಹಾಗೆ. ಲಾಬ್‌ಸ್ಟರ್ ಅಂದರೆ ಸೀಗಡಿಯ ದೊಡ್ಡ ನೆಂಟನಂಥ ಕಡಲ ಜೀವಿ. ಆ ಕಡಲಲ್ಲಿ ನೀವು ಬೆನ್ನಿಗೆ ಸ್ಕೂಬಾ ಸಿಲಿಂಡರ್ ಕಟ್ಟಿಕೊಂಡು 25 ಅಡಿ ಕೆಳಗೆ ಇಳಿದಿದ್ದೀರಿ ಅಂದುಕೊಳ್ಳಿ. ನೀರು ಮಂಜಿನ ಹಾಗೆ ತಣ್ಣಗಿದೆ, ಸ್ವಲ್ಪ ಹಸಿರು. ಬಂಡೆಯ ಸಂದಿಯಿಂದ ಎರಡು ಉದ್ದ ಮೀಸೆ ಹೊರಗೆ ಬಂದು ಅಲ್ಲಾಡುತ್ತಿವೆ. ಟಾರ್ಚ್ ಬಿಟ್ಟರೆ ಒಳಗೆ ಲಾಬ್‌ಸ್ಟರ್ ಕೂತಿದೆ, ಎರಡೂ ಇಕ್ಕಳ ಮುಂದೆ ಚಾಚಿಕೊಂಡು, ಬಾ ನೋಡ್ಕೋತೀನಿ ಅನ್ನೋ ಹಾಗೆ. ಕೈ ಚಾಚಿದರೆ ಸಿಗುತ್ತದೆ. ಆದರೆ ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರೆ ನೀವು ಕಾನೂನು ಮುರಿದ ಹಾಗೆ. ಗಾತ್ರ ಸರಿಯಿದ್ದರೂ ಅಷ್ಟೇ, ಒಂದೇ ಒಂದು ಹಿಡಿದರೂ ಅಷ್ಟೇ.

ಮೇನ್‌ನ ದಕ್ಷಿಣದ ತುದಿಯಲ್ಲಿ ಕಿಟ್ಟರಿ ಅಂತ ಊರು. ಅಲ್ಲಿಂದ ಕಾರು ಹತ್ತಿ ನ್ಯೂ ಹ್ಯಾಂಪ್‌ಶೈರ್‌ನ ಗೇಣುದ್ದ ಕರಾವಳಿ ದಾಟಿದರೆ ಹೆಚ್ಚೂಕಡಿಮೆ ಅರ್ಧ ಗಂಟೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಬರುತ್ತದೆ. ಅಲ್ಲಿ ಪರ್ಮಿಟ್ ಇದ್ದರೆ ಅದೇ ಡೈವರ್ ಅದೇ ಸಿಲಿಂಡರ್ ಕಟ್ಟಿಕೊಂಡು ಇಳಿದು, ಅದೇ ಜಾತಿಯ ಲಾಬ್‌ಸ್ಟರನ್ನು ಕೈಯಲ್ಲೇ ಹಿಡಿದು, ದಿನಕ್ಕೆ 15ರ ತನಕ ಮನೆಗೆ ಒಯ್ಯಬಹುದು. ನಡುವಿನ ನ್ಯೂ ಹ್ಯಾಂಪ್‌ಶೈರ್ ಮಾತ್ರ ಮೇನ್ ಕಡೆ. ಅಲ್ಲೂ ಮುಳುಗಿ ಹಿಡಿಯುವ ಹಾಗಿಲ್ಲ. ಲಾಬ್‌ಸ್ಟರ್‌ಗೆ ರಾಜ್ಯದ ಗಡಿ ಗೊತ್ತಿರುತ್ತಾ? ಹಾಗಾಗಿ ಹವ್ಯಾಸಕ್ಕೆ ಡೈವ್ ಮಾಡುವವರು ಕೇಳುವ ಪ್ರಶ್ನೆ ಸಹಜವೇ: ಪಕ್ಕದಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು, ಕಾನೂನು ಬದಲಾಯಿಸಿದರೆ ಆಯ್ತಲ್ಲ?

ಕೇಳುವುದಕ್ಕೆ ತುಂಬ ಸುಲಭ. ಒಂದು ಸಾಲು ತಿದ್ದಿದರೆ ಮುಗೀತು ಅನ್ಸುತ್ತೆ. ಆದರೆ ಆ ಒಂದು ಸಾಲಿಗೆ ಏನೇನು ನೇತುಬಿದ್ದಿದೆ ಅಂತ ನೋಡಿದಾಗ ಸುಲಭ ಅನ್ನಿಸುವುದಿಲ್ಲ.

ಮೊದಲು ಇದು ರಾಜ್ಯದ ಕಾನೂನು ಯಾಕೆ ಅನ್ನೋದು. ಅಮೆರಿಕದ ಆ ಕರಾವಳಿಯಲ್ಲಿ ದಡದಿಂದ 3 ನಾಟಿಕಲ್ ಮೈಲಿವರೆಗಿನ ನೀರು ರಾಜ್ಯದ್ದು, ಆಚೆಯದು ಕೇಂದ್ರದ್ದು. ಸ್ಕೂಬಾ ಹಾಕಿಕೊಂಡು ಇಳಿಯುವವರೆಲ್ಲ ಹೆಚ್ಚಾಗಿ ದಡದ ಹತ್ತಿರವೇ ಇರುವುದರಿಂದ ಅವರಿಗೆ ತಾಗುವುದು ರಾಜ್ಯದ ಕಾನೂನು. ನಮ್ಮಲ್ಲೂ ಹೀಗೇ ಅಲ್ವಾ? ದಡದಿಂದ 12 ನಾಟಿಕಲ್ ಮೈಲಿವರೆಗೆ ಮೀನುಗಾರಿಕೆ ರಾಜ್ಯದ ವಿಷಯ, ಅದಕ್ಕೇ ಕರ್ನಾಟಕಕ್ಕೆ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಅಂತ ಬೇರೆಯೇ ಇದೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ರಾಜ್ಯಗಳೆಲ್ಲ ಸೇರಿ ಒಂದು ಆಯೋಗ ಮಾಡಿಕೊಂಡಿವೆ. ಅಲ್ಲಿ ಕನಿಷ್ಠ ಗಾತ್ರ ಎಷ್ಟು ಅನ್ನುವಂಥದ್ದು ತೀರ್ಮಾನ ಆಗುತ್ತದೆ. ಯಾವ ವಿಧಾನದಲ್ಲಿ ಹಿಡಿಯಬೇಕು ಅನ್ನೋದನ್ನು ಇನ್ನೂ ಬಿಗಿ ಮಾಡಿಕೊಳ್ಳುವ ಹಕ್ಕು ಆಯಾ ರಾಜ್ಯಕ್ಕಿದೆ.

ಮೇನ್‌ನ ಕಾನೂನಿನಲ್ಲಿ ಸ್ಕೂಬಾ ಡೈವರ್‌ಗೆ ನಿಷೇಧ ಅಂತ ದೊಡ್ಡದಾಗಿ ಏನೂ ಬರೆದುಕೊಂಡಿಲ್ಲ. ಅದು ಹೇಳುವುದಿಷ್ಟು: ಮಾಮೂಲಿ ಲಾಬ್‌ಸ್ಟರ್ ಬೋನು ಬಿಟ್ಟು ಬೇರೆ ಯಾವ ವಿಧಾನದಲ್ಲೂ ಲಾಬ್‌ಸ್ಟರ್ ಹಿಡಿಯಬಾರದು. ಅಷ್ಟೇ. ಬಲೆ ಎಳೆಯುವ ಟ್ರಾಲರ್ ದೋಣಿಗೂ ಇದೇ ಸಾಲು ಅಡ್ಡ, ಕೈಯಲ್ಲಿ ಹಿಡಿಯುವ ಡೈವರ್‌ಗೂ ಇದೇ ಸಾಲು ಅಡ್ಡ. ಕಡಲ ತಳವನ್ನೇ ಗುಡಿಸಿಕೊಂಡು ಹೋಗುವ ಟ್ರಾಲರ್ ಮತ್ತು ಒಂದೊಂದನ್ನೇ ಕೈಯಲ್ಲಿ ಎತ್ತುವ ಡೈವರ್ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಲ್ಲ ಅನ್ನೋದು ಡೈವರ್‌ಗಳ ಸಿಟ್ಟು. ಸಿಟ್ಟು ಬರುವುದರಲ್ಲಿ ತಪ್ಪೇನಿಲ್ಲ.

ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಹವ್ಯಾಸಕ್ಕೆ ಲಾಬ್‌ಸ್ಟರ್ ಹಿಡಿಯಲು ಮೇನ್‌ನಲ್ಲಿ ಅವಕಾಶ ಈಗಲೂ ಇದೆ. ಮಾರಾಟ ಮಾಡದೆ ಮನೆಮಟ್ಟಿಗೆ ಹಿಡಿಯುವ ಲೈಸೆನ್ಸ್ ಅಂತ ಒಂದಿದೆ. ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ನಿಯಮಗಳ ಮೇಲೆ ಒಂದು ಪರೀಕ್ಷೆ ಬರೆದು ಪಾಸಾಗಬೇಕು, ಆಮೇಲೆ 5 ಬೋನು ಇಟ್ಟುಕೊಳ್ಳಬಹುದು. ಅಂದರೆ ಜಗಳ ಇರುವುದು ಸಾಮಾನ್ಯ ಜನ ಹಿಡಿಯಬೇಕೋ ಬೇಡವೋ ಅನ್ನುವುದರ ಮೇಲೆ ಅಲ್ಲವೇ ಅಲ್ಲ, ನೀರಿನ ಮೇಲಿನಿಂದ ಹಿಡಿಯಬೇಕೋ ಕೆಳಗಿನಿಂದಲೋ ಅನ್ನುವುದರ ಮೇಲೆ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಈಗ ಬೋನಿನ ಕಥೆ. ಇದು ಬರೀ ಪೆಟ್ಟಿಗೆ ಅಲ್ಲ. ತಂತಿ ಜಾಲರಿಯ ಉದ್ದ ಪೆಟ್ಟಿಗೆ, ಒಳಗೆ ಎರಡು ಕೋಣೆ. ಮೊದಲನೆಯದಕ್ಕೆ ಅಲ್ಲಿನವರು ಅಡುಗೆಮನೆ ಅಂತ ಕರೆಯುತ್ತಾರೆ, ಯಾಕಂದ್ರೆ ಹೆರಿಂಗ್ ಮೀನಿನ ಎರೆ ತೂಗುಹಾಕುವುದು ಅಲ್ಲೇ. ಲಾಬ್‌ಸ್ಟರ್ ವಾಸನೆ ಹಿಡಿದು ಬಲೆಯ ಕೊಳವೆಯ ಮೂಲಕ ಅಡುಗೆಮನೆಗೆ ಬರುತ್ತದೆ, ತಿನ್ನುತ್ತದೆ, ಆಮೇಲೆ ಹೊರಗೆ ಹೋಗಲು ದಾರಿ ಹುಡುಕುತ್ತಾ ಇನ್ನೊಂದು ಕೊಳವೆಗೆ ನುಗ್ಗಿ ಒಳಕೋಣೆಗೆ ಬೀಳುತ್ತದೆ. ಆ ಒಳಕೋಣೆಯ ಹೆಸರು ಪಾರ್ಲರ್, ನಮ್ಮ ಭಾಷೆಯಲ್ಲಿ ಪಡಸಾಲೆ ಅನ್ನಬಹುದು. ಊಟ ಮುಗಿಸಿ ಪಡಸಾಲೆಯಲ್ಲಿ ಕೂತವರು ಎದ್ದು ಹೋಗುವುದು ಎಲ್ಲಾ ಕಡೆಯೂ ಕಷ್ಟವೇ ಬಿಡಿ. ಪಡಸಾಲೆಯ ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟಿರಬೇಕು, ಕಾನೂನೇ ಹಾಗೆ ಹೇಳುತ್ತದೆ. ಸಣ್ಣ ಲಾಬ್‌ಸ್ಟರ್‌ಗಳು ಅಲ್ಲಿಂದ ನುಸುಳಿ ಹೋಗಲಿ ಅಂತ. ಇನ್ನೊಂದು ಭಾಗವನ್ನು ನೀರಿನಲ್ಲಿ ಕಾಲಕ್ರಮೇಣ ಸವೆದುಹೋಗುವ ವಸ್ತುವಿನಿಂದ ಕಟ್ಟಿರಬೇಕು. ಹಗ್ಗ ಹರಿದು ಬೋನು ತಳದಲ್ಲೇ ಕಳೆದುಹೋದರೆ ಅದು ವರ್ಷಗಟ್ಟಲೆ ಸುಮ್ನೆ ಕೊಲ್ಲುತ್ತಾ ಕೂರಬಾರದು ಅಂತ.

ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಸಂಶೋಧಕರು ಬೋನಿನ ಮೇಲೆ ವಿಡಿಯೊ ಕ್ಯಾಮೆರಾ ಕಟ್ಟಿ ತಳಕ್ಕೆ ಇಳಿಸಿ ನೋಡಿದ್ದರು. 2001ರಲ್ಲಿ ಅದನ್ನು ಪ್ರಕಟಿಸಿದರು. ಒಳಗೆ ಬಂದ ಲಾಬ್‌ಸ್ಟರ್‌ಗಳಲ್ಲಿ ನೂರಕ್ಕೆ ಸುಮಾರು 6 ಮಾತ್ರ ಸಿಕ್ಕಿಬಿದ್ದವು. ಉಳಿದವು ಬಂದವು, ತಿಂದವು, ಹೋದವು. ಹೆಚ್ಚಿನವು ಕಿಂಡಿಯಿಂದಲೂ ಅಲ್ಲ, ಬಂದ ಬಾಗಿಲಿನಿಂದಲೇ! ಬೋನು ಅಂದರೆ ಒಂಥರಾ ತೂತು ಬಿದ್ದ ಜೇಬು. ಆದರೆ ಅಲ್ಲಿನ ಲಾಬ್‌ಸ್ಟರ್ ಮೀನುಗಾರಿಕೆ ಇಷ್ಟು ವರ್ಷ ನಿಂತಿರುವುದಕ್ಕೆ ಆ ತೂತೂ ಒಂದು ಕಾರಣ. ಬೋನು ಎಷ್ಟೇ ಇಟ್ಟರೂ ಅದು ಆಯ್ದು ಆಯ್ದು ಹಿಡಿಯುವುದಿಲ್ಲ. ಡೈವರ್‌ನ ಕೈಗೆ ಆ ತೂತಿಲ್ಲ.

ಹಾಗಾದರೆ ಡೈವರ್ ಬಂದರೆ ಲಾಬ್‌ಸ್ಟರ್ ಖಾಲಿ ಆಗುತ್ತಾ? ಇಲ್ಲ. ಇದನ್ನು ನೇರವಾಗಿ ಹೇಳಿಬಿಡಬೇಕು, ಯಾಕಂದ್ರೆ ವಿರೋಧಿಸುವವರು ಮೊದಲು ಎತ್ತುವ ಮಾತು ಇದೇ. ಲೆಕ್ಕ ನೋಡಿ. ಮೇನ್‌ನಲ್ಲಿ ಮಾರಾಟಕ್ಕಾಗಿ ಹಿಡಿಯುವ ಲೈಸೆನ್ಸ್ ಇರುವವರು 5,000ಕ್ಕೂ ಹೆಚ್ಚು, ಒಬ್ಬೊಬ್ಬರಿಗೆ 800 ಬೋನಿನ ಮಿತಿ. 2024ರಲ್ಲಿ ದಡಕ್ಕೆ ಬಂದ ಲಾಬ್‌ಸ್ಟರ್ ಸುಮಾರು 8.6 ಕೋಟಿ ಪೌಂಡ್. ಅದರ ಮುಂದೆ, ಚಳಿಯಲ್ಲಿ ಹಲ್ಲು ಕಟಕಟ ಕಡಿಯುತ್ತಾ ಒಂದು ಸಿಲಿಂಡರ್ ಗಾಳಿಯಲ್ಲಿ ನಲವತ್ತೈದು ನಿಮಿಷ ಹುಡುಕಾಡಿ ಮೂರೋ ನಾಲ್ಕೋ ಹಿಡಿದು ಮೇಲೆ ಬರುವ ಹವ್ಯಾಸಿ ಡೈವರ್ ಯಾವ ಲೆಕ್ಕ? ಹವ್ಯಾಸಿಗಳ ಆಳದ ಮಿತಿ 130 ಅಡಿ, ಬಹುತೇಕರು ಅದರ ಅರ್ಧಕ್ಕೂ ಹೋಗುವುದಿಲ್ಲ. ಆಳದಲ್ಲಿರುವ ದೊಡ್ಡ ಸಂಪತ್ತು ಅವರ ಕೈಗೆ ಎಟುಕುವುದೇ ಇಲ್ಲ.

ಡೈವರ್‌ಗಳ ವಾದದಲ್ಲಿ ಇನ್ನೂ ತೂಕದ ಮಾತಿದೆ. ಅವರು ಎರೆ ಹಾಕುವುದಿಲ್ಲ. ಬೇರೆ ಯಾವ ಜೀವಿಯೂ ತಪ್ಪಿ ಸಿಕ್ಕಿಬೀಳುವುದಿಲ್ಲ. ಮುಖ್ಯವಾಗಿ ಹಗ್ಗ ಇಲ್ಲ. ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳು ಈಗ ಉಳಿದಿರುವುದು 400ಕ್ಕೂ ಕಡಿಮೆ, ಮೀನುಗಾರಿಕೆಯ ಹಗ್ಗಕ್ಕೆ ಸುತ್ತಿಕೊಳ್ಳುವುದು ಅವುಗಳ ಸಾವಿಗೆ ಒಂದು ದೊಡ್ಡ ಕಾರಣ. ತಳದ ಬೋನಿನಿಂದ ನೀರಿನ ಮೇಲೆ ತೇಲುವ ಗುರುತಿನ ಬೆಂಡಿನವರೆಗೆ ನಿಂತಿರುವ ಹಗ್ಗದ ವಿಷಯಕ್ಕೆ ಕೇಂದ್ರ ಸರ್ಕಾರಕ್ಕೂ ಮೇನ್ ಮೀನುಗಾರರಿಗೂ ವರ್ಷಗಳಿಂದ ಹಗ್ಗಜಗ್ಗಾಟ ನಡೆದಿದೆ. ಡೈವರ್‌ಗೆ ಈ ತಂಟೆಯೇ ಇಲ್ಲ.

ಆದರೂ ಕೈಯಲ್ಲಿ ಹಿಡಿಯುವುದು ಅಂದುಕೊಂಡಷ್ಟು ನಾಜೂಕಿನ ಕೆಲಸ ಅಲ್ಲ. ಸಂದಿಯಲ್ಲಿ ಕೂತ ಲಾಬ್‌ಸ್ಟರ್ ಕಾಲು ಚಾಚಿ ಬಂಡೆಗೆ ಒತ್ತಿಕೊಂಡು ಬಿಗಿಯಾಗಿ ನಿಲ್ಲುತ್ತದೆ. ಇಕ್ಕಳ ಹಿಡಿದು ಜಗ್ಗಿದರೆ ಇಕ್ಕಳ ನಿಮ್ಮ ಕೈಗೆ ಬರುತ್ತದೆ, ಲಾಬ್‌ಸ್ಟರ್ ಒಳಗೇ ಉಳಿಯುತ್ತದೆ. ಹಲ್ಲಿ ಬಾಲ ಬಿಟ್ಟು ಓಡುತ್ತದಲ್ಲ, ಹಾಗೆ ಅದು ತಾನಾಗಿಯೇ ಕಳಚಿಬಿಡುತ್ತದೆ. ಮತ್ತೆ ಬೆಳೆಯುತ್ತದೆ ನಿಜ, ಆದರೆ ಅದಕ್ಕೆ ಹಲವು ಸಲ ಪೊರೆ ಕಳಚಬೇಕು. ಸರಿಯಾಗಿ ಹಿಡಿಯುವವರು ಒಂದು ಕೈಯಿಂದ ಮುಂದೆ ಆಟ ಆಡಿಸಿ ಹೊರಗೆ ಬರುವ ಹಾಗೆ ಮಾಡಿ ಇನ್ನೊಂದು ಕೈಯಿಂದ ಬೆನ್ನಿನ ಮೇಲೆ ಗಬಕ್ಕನೆ ಒತ್ತುತ್ತಾರೆ. ಕಲಿಯುವ ತನಕ ಎಷ್ಟು ಇಕ್ಕಳ ಹೋಗುತ್ತವೋ.

ಹಿಡಿದ ಮೇಲೆ ಅಳತೆ. ಇದಕ್ಕೊಂದು ಲೋಹದ ಗೇಜ್ ಬರುತ್ತದೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಅದರ ಒಂದು ತುದಿಯನ್ನು ಕಣ್ಣಿನ ಗುಳಿಯ ಹಿಂಭಾಗಕ್ಕೆ ಒತ್ತಿ, ಬೆನ್ನ ಚಿಪ್ಪು ಮುಗಿದು ಬಾಲ ಶುರುವಾಗುವ ಅಂಚಿನವರೆಗೆ ನೇರವಾಗಿ ಹಿಡಿಯಬೇಕು. 3.25 ಇಂಚಿಗಿಂತ ಕಡಿಮೆ ಇದ್ದರೆ ಮರಿ, ಬಿಡಬೇಕು. 5 ಇಂಚಿಗಿಂತ ಜಾಸ್ತಿ ಇದ್ದರೂ ಬಿಡಬೇಕು. ದೊಡ್ಡದನ್ನು ಯಾಕೆ ಬಿಡಬೇಕು ಅಂದ್ರೆ, ಒಂದು ಪೌಂಡಿನ ಹೆಣ್ಣು ಹತ್ತಿರ ಹತ್ತಿರ 8,000 ಮೊಟ್ಟೆ ಹೊತ್ತರೆ ಒಂಬತ್ತು ಪೌಂಡಿನವಳು ಲಕ್ಷದ ಲೆಕ್ಕದಲ್ಲಿ ಹೊರುತ್ತಾಳೆ. ಅಜ್ಜಿಯಂದಿರನ್ನು ಮುಟ್ಟಬೇಡಿ ಅನ್ನೋ ನಿಯಮ ಇದು.

ಇನ್ನು ಬಾಲ ತಿರುಗಿಸಿ ನೋಡಬೇಕು. ಹೊಟ್ಟೆಯ ಕೆಳಗೆ ಕಪ್ಪು ಹಸಿರು ಸಾಸಿವೆ ಮೆತ್ತಿದ ಹಾಗೆ ಮೊಟ್ಟೆ ಇದ್ದರೆ ಅದು ಬಸುರಿ, ವಾಪಸ್ ನೀರಿಗೆ. ಮೊಟ್ಟೆ ಇಲ್ಲದಿದ್ದರೂ ಕೆಲಸ ಮುಗಿಯಲಿಲ್ಲ. ಬಾಲದ ತುದಿ ಐದು ಎಸಳಿನ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ನಡುವಿನ ಎಸಳಿನ ಬಲಕ್ಕಿರುವ ಎಸಳಿನಲ್ಲಿ ವಿ ಆಕಾರದ ಕಚ್ಚು ಇದೆಯೇ ನೋಡಬೇಕು. ಮೊಟ್ಟೆ ಹೊತ್ತ ಹೆಣ್ಣು ಬೋನಿಗೆ ಸಿಕ್ಕಾಗ ಮೀನುಗಾರ ಅಲ್ಲಿ ಕಚ್ಚು ಹಾಕಿ ಬಿಡುತ್ತಾನೆ. ಮುಂದೆ ಅವಳಿಗೆ ಮೊಟ್ಟೆ ಇರಲಿ ಬಿಡಲಿ, ಆ ಕಚ್ಚು ಕಾಣುವ ತನಕ ಯಾರೂ ಇಟ್ಟುಕೊಳ್ಳುವ ಹಾಗಿಲ್ಲ. ಈ ಹೆಣ್ಣು ಮೊಟ್ಟೆ ಇಡುತ್ತದೆ, ನಾನು ನೋಡಿದ್ದೇನೆ ಅಂತ ಗೊತ್ತಿಲ್ಲದ ಇನ್ನೊಬ್ಬ ಮೀನುಗಾರನಿಗೆ ಬಿಟ್ಟ ಚೀಟಿ ಅದು. ತಮ್ಮ ದುಡ್ಡನ್ನು ತಾವೇ ಕಡಲಿಗೆ ಎಸೆದು ಹಾಕುವ ಕಚ್ಚು. ತಲೆಮಾರುಗಳಿಂದ ಇದನ್ನು ಮಾಡಿಕೊಂಡು ಬಂದವರಿಗೆ, ಎಲ್ಲಿಂದಲೋ ಬಂದವರು ಮಬ್ಬು ನೀರಿನಲ್ಲಿ ದಪ್ಪ ಕೈಗವಸು ಹಾಕಿಕೊಂಡು ಈ ಚೀಟಿ ಓದುತ್ತಾರೆ ಅಂದ್ರೆ ನಂಬಿಕೆ ಬರುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಓದುತ್ತಿದ್ದಾರಲ್ಲ ಅಂದರೆ, ಅದು ಅಲ್ಲಿ ಅನ್ನುತ್ತಾರೆ.

ಇಷ್ಟೆಲ್ಲ ಹೇಳಿದ್ದು ಜೀವಶಾಸ್ತ್ರ. ನನ್ನ ಪ್ರಕಾರ ಜಗಳದ ಬೇರು ಇಲ್ಲಿಲ್ಲ. ಬೇರು ಇರುವುದು ಕಾಣುವುದು ಮತ್ತು ಕಾಣದಿರುವುದರಲ್ಲಿ.

ಮೇನ್‌ನ ಯಾವುದಾದರೂ ಬಂದರಿನಲ್ಲಿ ನಿಂತು ಕಡಲು ನೋಡಿದರೆ ನೀರಿನ ತುಂಬ ಬಣ್ಣ ಬಣ್ಣದ ಬೆಂಡು ಚೆಲ್ಲಿರುತ್ತವೆ. ಜಾತ್ರೆಯಲ್ಲಿ ಯಾರೋ ಬಲೂನಿನ ಗೊಂಚಲು ಬಿಟ್ಟ ಹಾಗೆ. ಒಬ್ಬೊಬ್ಬ ಮೀನುಗಾರನಿಗೆ ಒಂದೊಂದು ಬಣ್ಣದ ಪಟ್ಟೆ. ಅದೇ ಬಣ್ಣವನ್ನು ದೋಣಿಯ ಮೇಲೂ ಕಾಣುವ ಹಾಗೆ ಇಟ್ಟಿರಬೇಕು. ಹಳದಿ ಬಿಳಿ ಪಟ್ಟೆಯ ದೋಣಿ ಕೆಂಪು ಬೆಂಡಿನ ಪಕ್ಕ ನಿಂತು ಹಗ್ಗ ಎಳೆಯುತ್ತಿದ್ದರೆ ಅರ್ಧ ಮೈಲಿ ದೂರದಿಂದ ನೋಡಿದವರಿಗೂ ಗೊತ್ತಾಗುತ್ತದೆ, ಏನೋ ಯಡವಟ್ಟಾಗಿದೆ ಅಂತ. ಇನ್ನೊಬ್ಬರ ಬೋನನ್ನು ಎತ್ತುವುದು ಹಾಗಿರಲಿ, ಮುಟ್ಟುವುದೂ ಅಪರಾಧ. ಜೂನ್ 1ರಿಂದ ಅಕ್ಟೋಬರ್ 31ರವರೆಗೆ ರಾತ್ರಿ ಬೋನು ಎತ್ತುವಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಶನಿವಾರ ಸಂಜೆ 4ರಿಂದ ಸೋಮವಾರ ಬೆಳಗಿನ ಜಾವದವರೆಗೂ ಎತ್ತುವಂತಿಲ್ಲ.

ಈ ನಿಯಮಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಕಡಲಲ್ಲಿ ಪೊಲೀಸರು ಬೆರಳೆಣಿಕೆಯಷ್ಟು, ಬೋನುಗಳು ಲಕ್ಷಗಟ್ಟಲೆ. ಕಾಯುವುದು ಯಾರು? ಮೀನುಗಾರರೇ ಒಬ್ಬರನ್ನೊಬ್ಬರು ಕಾಯುತ್ತಾರೆ, ಕಣ್ಣಿನಿಂದ. ಬಣ್ಣ, ದೋಣಿ, ಹೊತ್ತು, ವಾರ, ಎಲ್ಲವೂ ದೂರದಿಂದ ಕಾಣುವಂಥವು. ಇಡೀ ವ್ಯವಸ್ಥೆ ನೀರಿನ ಮೇಲ್ಮೈಯಲ್ಲಿ ಬರೆದಿಟ್ಟ ಹಾಗಿದೆ. ಡೈವರ್ ಬಂದರೆ ಈ ಲಿಪಿ ಕೆಲಸಕ್ಕೆ ಬರುವುದಿಲ್ಲ. ಅವನು ನೀರಿನೊಳಗೆ ಏನು ಮಾಡುತ್ತಿದ್ದಾನೆ ಅಂತ ಮೇಲಿನವರಿಗೆ ಕಾಣುವುದಿಲ್ಲ. ಕಾಣುವುದು ಗುಳ್ಳೆಗಳು ಮಾತ್ರ. ಬೋನಿನ ಬಾಗಿಲು ತೆಗೆದು ಒಳಗಿನದನ್ನು ಎತ್ತಿಕೊಂಡು ಬಾಗಿಲು ಮುಚ್ಚಿದರೆ ಯಾವ ಗುರುತೂ ಇರುವುದಿಲ್ಲ. ಚೀಲದಲ್ಲಿರುವ ಲಾಬ್‌ಸ್ಟರ್ ಬಂಡೆ ಸಂದಿಯದೋ ಬೋನಿನದೋ ಅಂತ ಯಾವ ಅಧಿಕಾರಿಯೂ ಹೇಳಲಾರ.

ಈಗಿನ ಕಾನೂನಿನಲ್ಲಿ ಆ ತಲೆನೋವೇ ಇಲ್ಲ. ಡೈವರ್ ಚೀಲದಲ್ಲಿ ಲಾಬ್‌ಸ್ಟರ್ ಇದ್ದರೆ ತಪ್ಪು, ಕಥೆ ಮುಗೀತು. ಎಲ್ಲಿಂದ ಬಂತು ಅಂತ ಕೇಳುವ ಅಗತ್ಯ ಇಲ್ಲ. ಒರಟು ಕಾನೂನು ಹೌದು, ಆದರೆ ಜಾರಿಗೆ ತರಲು ಇದಕ್ಕಿಂತ ಸುಲಭದ ಕಾನೂನು ಇರಲಿಕ್ಕಿಲ್ಲ. ಇದನ್ನು ತಿದ್ದಿದ ದಿನದಿಂದ ಅಧಿಕಾರಿ ಸಾಬೀತು ಮಾಡಬೇಕಾದ್ದು ಜಾಸ್ತಿ ಆಗುತ್ತದೆ, ಆದರೆ ಅವನ ಹತ್ತಿರ ಸಾಕ್ಷಿ ಜಾಸ್ತಿ ಆಗುವುದಿಲ್ಲ.

ಅದೇ ಮೇನ್‌ನಲ್ಲಿ ಡೈವರ್‌ಗಳು ಸ್ಕಾಲಪ್ ಅನ್ನುವ ಚಿಪ್ಪುಮೀನನ್ನು ಕೈಯಲ್ಲಿ ಹಿಡಿಯಬಹುದು. ಮನೆಮಟ್ಟಿಗೆ ಹಿಡಿಯಲು ಬೇರೆ ಲೈಸೆನ್ಸೇ ಇದೆ. ಸ್ಕಾಲಪ್ ವಿಷಯದಲ್ಲಿ ನಂಬುತ್ತೀರಿ, ಲಾಬ್‌ಸ್ಟರ್ ವಿಷಯದಲ್ಲಿ ನಂಬಲ್ಲ, ಇದ್ಯಾವ ನ್ಯಾಯ ಅಂತ ಡೈವರ್‌ಗಳು ಕೇಳಬಹುದು. ಉತ್ತರ ಸರಳ: ಸ್ಕಾಲಪ್‌ಗಳನ್ನು ಯಾರೂ ತಳದಲ್ಲಿ ಪೆಟ್ಟಿಗೆಯಲ್ಲಿ ಕೂಡಿಟ್ಟು ಮನೆಗೆ ಹೋಗಿರುವುದಿಲ್ಲ. ಕದಿಯಲು ಅಲ್ಲಿ ಏನೂ ಇಲ್ಲ.

ಅನುಮಾನ ಅಲ್ಲಿ ಸಣ್ಣ ವಿಷಯ ಅಲ್ಲ. ಕಾನೂನಿನ ಪುಸ್ತಕದಲ್ಲಿ ಇಲ್ಲದ ಗಡಿಗಳು ಆ ಕಡಲಲ್ಲಿ ಇವೆ, ಈ ಕೊಲ್ಲಿ ನಮ್ಮ ಬಂದರಿನದು, ಆ ದ್ವೀಪದಾಚೆ ನಿಮ್ಮದು ಅಂತ. ಮೇನ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಜೇಮ್ಸ್ ಅಚೆಸನ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಗಡಿ ದಾಟಿ ಬೋನು ಇಟ್ಟವನಿಗೆ ಮೊದಲು ಹಗ್ಗಕ್ಕೆ ಗಂಟು ಹಾಕಿ ಎಚ್ಚರಿಕೆ, ಆಮೇಲೂ ಕೇಳದಿದ್ದರೆ ಹಗ್ಗವೇ ಕತ್ತರಿಸಿ ಹೋಗುತ್ತದೆ. 2009ರಲ್ಲಿ ಮಟಿನಿಕಸ್ ದ್ವೀಪದಲ್ಲಿ ಬೋನಿನ ಜಗಳ ಗುಂಡೇಟಿನವರೆಗೂ ಹೋಗಿತ್ತು. ಪರಸ್ಪರ ಗುರುತಿರುವವರ ನಡುವೆಯೇ ಹೀಗಾದರೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ನೀರಿನೊಳಗೆ ಓಡಾಡುವ ಅಪರಿಚಿತನ ಪಾಡು? ಕಾನೂನು ಅವಕಾಶ ಕೊಟ್ಟರೂ ಆ ಕೊಲ್ಲಿಯಲ್ಲಿ ಇಳಿಯಲು ನನಗಂತೂ ಧೈರ್ಯ ಬರುವುದಿಲ್ಲ.

ಹಳೆಯ ಗಾಯ ಒಂದಿದೆ, ಸೀ ಅರ್ಚಿನ್. ಮುಳ್ಳುಮುಳ್ಳಿನ ಚೆಂಡಿನಂಥ ಜೀವಿ. ಅದರೊಳಗಿನ ಭಾಗಕ್ಕೆ ಜಪಾನಿನಲ್ಲಿ ಒಳ್ಳೆ ಬೆಲೆ. 1980ರ ದಶಕದ ಕೊನೆಯಲ್ಲಿ ಮೇನ್‌ನಲ್ಲಿ ಇದರ ಸುಗ್ಗಿ ಶುರುವಾಯಿತು, ಹೆಚ್ಚಾಗಿ ಹಿಡಿದವರು ಡೈವರ್‌ಗಳು. 1993ರಲ್ಲಿ 4 ಕೋಟಿ ಪೌಂಡ್ ದಾಟಿ, ಆಮೇಲೆ ಜರ್ರನೆ ಇಳಿದದ್ದು ಮತ್ತೆ ಮೇಲೇಳಲೇ ಇಲ್ಲ. ಅದು ವ್ಯಾಪಾರಕ್ಕೆ ಹಿಡಿದದ್ದು, ಹವ್ಯಾಸಕ್ಕಲ್ಲ, ನಿಯಮಗಳು ತಡವಾಗಿ ಬಂದವು, ಎರಡನ್ನೂ ಹೋಲಿಸುವುದು ಸರಿಯಲ್ಲ. ಆದರೂ ಡೈವರ್ ಅಂದ ಕೂಡಲೇ ಕರಾವಳಿಯ ಹಿರಿಯರಿಗೆ ನೆನಪಾಗುವುದು ಬರಿದಾದ ಆ ಬಂಡೆಗಳೇ.

ಬೇರೆ ರಾಜ್ಯಗಳು ಇದನ್ನು ಹೇಗೆ ನಿಭಾಯಿಸಿವೆ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಎಲ್ಲರೂ ಮಾಡಿರುವುದು ಒಂದೇ ಕೆಲಸ, ಕಾಣದ ಡೈವರ್ ಕಾಣುವ ಹಾಗೆ ಮಾಡುವುದು. ಮ್ಯಾಸಚೂಸೆಟ್ಸ್‌ನಲ್ಲಿ ನೀರಿನ ಮೇಲೆ ಡೈವಿಂಗ್ ಬಾವುಟ ತೇಲುತ್ತಿರಬೇಕು, ಸಿಲಿಂಡರ್ ಮೇಲೆ ಪರ್ಮಿಟ್ ನಂಬರ್ ಬರೆದಿರಬೇಕು. ಬೆಂಡಿಗೆ ಬಣ್ಣ ಇದ್ದ ಹಾಗೆ ಇವರಿಗೆ ನಂಬರ್. ಕ್ಯಾಲಿಫೋರ್ನಿಯಾದಲ್ಲಿ ಇರುವುದು ಇಕ್ಕಳ ಇಲ್ಲದ ಮುಳ್ಳು ಲಾಬ್‌ಸ್ಟರ್, ಬೇರೆ ಜಾತಿ. ಅಲ್ಲಿ ಡೈವರ್ ಬರೀ ಕೈಯಲ್ಲಿ ದಿನಕ್ಕೆ 7 ಹಿಡಿಯಬಹುದು. ಆದರೆ ಪ್ರತಿಯೊಬ್ಬರ ಹತ್ತಿರವೂ ಒಂದು ಕಾರ್ಡ್ ಇರಬೇಕು, ಎಲ್ಲಿ ಎಷ್ಟು ಹಿಡಿದೆ ಅಂತ ಬರೆದು ಸೀಸನ್ ಮುಗಿದ ಮೇಲೆ ಇಲಾಖೆಗೆ ಒಪ್ಪಿಸಬೇಕು.

ಫ್ಲೋರಿಡಾದ ಉಪಾಯ ನನಗೆ ಎಲ್ಲಕ್ಕಿಂತ ಕುತೂಹಲದ್ದು ಅನ್ನಿಸುತ್ತದೆ. ಅಲ್ಲಿ ಜುಲೈ ತಿಂಗಳ ಕೊನೆಯ ಬುಧವಾರ ಗುರುವಾರ ಎರಡೇ ದಿನ ಹವ್ಯಾಸಿಗಳಿಗೆ ಅಂತ ಪುಟ್ಟ ಸೀಸನ್. ಮೀನುಗಾರರು ಬೋನು ಇಳಿಸುವುದು ಆಗಸ್ಟ್ 1ರಿಂದ, ಮಾಮೂಲಿ ಸೀಸನ್ ಶುರುವಾಗುವುದು ಆಗಸ್ಟ್ 6ಕ್ಕೆ. ಅಂದರೆ ಆ ಎರಡು ದಿನ ಡೈವರ್‌ಗಳು ನೀರಿನಲ್ಲಿದ್ದಾಗ ತಳದಲ್ಲಿ ಬೋನೇ ಇರುವುದಿಲ್ಲ! ಕಳ್ಳತನದ ಮಾತೇ ಬರುವುದಿಲ್ಲ. ಗೇಜ್ ಜೊತೆಗಿರಬೇಕು, ನೀರಿನೊಳಗೇ ಅಳೆಯಬೇಕು. ಆಮೇಲೆ ದೊಡ್ಡ ಸೀಸನ್‌ನಲ್ಲೂ ಡೈವರ್‌ಗಳಿಗೆ ಅವಕಾಶ ಇದೆ, ಆದರೆ ಇನ್ನೊಬ್ಬರ ಬೋನು ಮುಟ್ಟಿದರೆ ದಂಡ ಕಟ್ಟಿ ಹೋಗುವ ಸಣ್ಣ ತಪ್ಪಲ್ಲ, ಜೈಲಿಗೆ ಹೋಗುವಂಥ ಗಂಭೀರ ಅಪರಾಧ. ಉಪಾಯದ ಇನ್ನೊಂದು ಮುಖವನ್ನೂ ಹೇಳಬೇಕು: ಆ ಎರಡು ದಿನ ಅಲ್ಲಿ ನೂಕುನುಗ್ಗಲು. ಪ್ರತಿವರ್ಷ ಹೊಸಬರು ನುಗ್ಗುತ್ತಾರೆ, ಡೈವರ್‌ಗಳು ಸತ್ತ ಸುದ್ದಿ ಬಾರದ ವರ್ಷ ಅಪರೂಪ.

ನಮ್ಮಲ್ಲಿ? ಭಾರತ 2003ರಲ್ಲಿ ಲಾಬ್‌ಸ್ಟರ್‌ಗಳಿಗೆ ಕನಿಷ್ಠ ಮಿತಿ ತಂದಿತು, ಜಾತಿಗೆ ತಕ್ಕ ಹಾಗೆ ಇಂತಿಷ್ಟು ಗ್ರಾಂ ಅಂತ. ಆದರೆ ಅದು ರಫ್ತಿಗೆ ಹಾಕಿದ ಮಿತಿ. ಮೇನ್‌ನವರು ದೋಣಿಯ ಮೇಲೆ ಜೀವಂತ ಇರುವಾಗಲೇ ಅಳೆದು ಬಿಡುತ್ತಾರೆ, ಆ ಮಿತಿಯಲ್ಲಿ ತಕ್ಕಡಿ ಬರುವುದು ಹಡಗು ಹತ್ತುವ ಹೊತ್ತಿಗೆ. ಆ ಹೊತ್ತಿಗೆ ಸಣ್ಣದು ಸತ್ತಿರುತ್ತದೆ. ಎಲ್ಲಿ ಅಳೆಯುತ್ತೇವೆ ಅನ್ನುವುದೂ ಎಷ್ಟು ಅಳೆಯುತ್ತೇವೆ ಅನ್ನುವಷ್ಟೇ ಮುಖ್ಯ.

ಸರಿ, ಮೇನ್‌ನಲ್ಲಿ ಒಬ್ಬ ಶಾಸಕರು ಮನಸ್ಸು ಮಾಡಿದರು ಅನ್ನಿ. ಮುಂದೇನು? ರಾಜಧಾನಿ ಅಗಸ್ಟಾದಲ್ಲಿ ಮಸೂದೆ ಮಂಡನೆಯಾಗಿ ಕಡಲ ಸಂಪನ್ಮೂಲ ಸಮಿತಿಗೆ ಹೋಗುತ್ತದೆ. ಎರಡೂ ಸದನದವರು ಸೇರಿ 13 ಜನರ ಸಮಿತಿ. ಅಲ್ಲಿನ ಒಂದು ಒಳ್ಳೆಯ ಪದ್ಧತಿ ಏನಂದ್ರೆ ಸಮಿತಿಗೆ ಬಂದ ಮಸೂದೆಗೆ ಬಹಿರಂಗ ವಿಚಾರಣೆ ನಡೆಯುತ್ತದೆ, ಯಾರು ಬೇಕಾದರೂ ಬಂದು ಮಾತಾಡಬಹುದು. ಮೊದಲು ಪರ ಇರುವವರು, ಆಮೇಲೆ ವಿರೋಧ ಇರುವವರು, ಕೊನೆಗೆ ಪರವೂ ಅಲ್ಲದ ವಿರೋಧವೂ ಅಲ್ಲದವರು. ಮೂರನೆಯ ಗುಂಪಿಗೂ ಒಂದು ಸಾಲು ಕೊಟ್ಟಿರುವುದು ನನಗೆ ಬಹಳ ಇಷ್ಟ. ವಿಚಾರಣೆ ಮುಗಿದ ಮೇಲೆ ಸಮಿತಿ ಕೂತು ಚರ್ಚಿಸಿ, ಪಾಸಾಗಬೇಕು ಅಥವಾ ಪಾಸಾಗಬಾರದು ಅಂತ ಶಿಫಾರಸು ಬರೆಯುತ್ತದೆ. ಎಲ್ಲರೂ ಒಮ್ಮತದಿಂದ ಬೇಡ ಅಂದರೆ ಮಸೂದೆ ಸಾಮಾನ್ಯವಾಗಿ ಸದನದಲ್ಲಿ ಚರ್ಚೆಯೂ ಆಗದೆ ಸತ್ತ ಕಡತಗಳ ಜೊತೆ ಸೇರುತ್ತದೆ. ಉಳಿದರೆ 151 ಸದಸ್ಯರ ಕೆಳಮನೆ, 35 ಸದಸ್ಯರ ಮೇಲ್ಮನೆ, ಗವರ್ನರ್ ಸಹಿ. ಸಹಿ ಬಿದ್ದರೂ ಅಧಿವೇಶನ ಮುಗಿದು 90 ದಿನ ಕಳೆಯಬೇಕು.

ಆ ವಿಚಾರಣೆಯ ಕೋಣೆಯನ್ನು ಊಹಿಸಿಕೊಳ್ಳಿ. ಒಂದು ಕಡೆ ಬೆರಳೆಣಿಕೆಯ ಡೈವರ್‌ಗಳು. ಇನ್ನೊಂದು ಕಡೆ ಕೆಲಸದ ದಿನ ಬಿಟ್ಟು ಬಂದ ಮೀನುಗಾರರು. ಅವರ ಪೈಕಿ ಕೆಲವರ ಮಕ್ಕಳು ಅಪ್ರೆಂಟಿಸ್ ಆಗಿ ದುಡಿದು, ತಮ್ಮ ಮೀನುಗಾರಿಕೆ ವಲಯದ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ಲೈಸೆನ್ಸಿಗೆ ವರ್ಷಗಟ್ಟಲೆ ಕಾಯುತ್ತಿರುತ್ತಾರೆ. ಜೊತೆಗೆ ಹಿಡಿತ ಇಳಿಯುತ್ತಿದೆ: 2016ರಲ್ಲಿ 13 ಕೋಟಿ ಪೌಂಡ್ ದಾಟಿದ್ದು 2024ಕ್ಕೆ 8.6 ಕೋಟಿ. ಕನಿಷ್ಠ ಗಾತ್ರವನ್ನು ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿಸೋಣ ಅಂತ ಹೊರಟಾಗ 2025ರ ಶುರುವಿನಲ್ಲಿ ಮೀನುಗಾರರು ಎದ್ದ ಸಿಟ್ಟಿಗೆ ಆ ನಿಯಮವನ್ನೇ ಹಿಂದೆ ತೆಗೆದುಕೊಳ್ಳಬೇಕಾಯಿತು. ಕೂದಲೆಳೆ ಬದಲಾವಣೆಗೇ ಹೀಗಾದರೆ, ಡೈವರ್ ಮಸೂದೆಗೆ ಮತ ಹಾಕಿ ಊರಿಗೆ ವಾಪಸ್ ಹೋಗುವ ಶಾಸಕರ ಧೈರ್ಯ ಮೆಚ್ಚಬೇಕು.

ನನ್ನನ್ನು ಬರೆಯಲು ಕೂರಿಸಿದರೆ ಹೀಗೆ ಬರೆಯುತ್ತಿದ್ದೆ. ಬೋನಿಗೆ ಇರುವ ಪರೀಕ್ಷೆಯೇ ಡೈವರ್‌ಗೂ ಇರಲಿ, ಜೊತೆಗೆ ಲಾಬ್‌ಸ್ಟರ್ ಹಿಡಿದು ತೋರಿಸುವ ಒಂದು ಪ್ರಾಯೋಗಿಕ ಪರೀಕ್ಷೆ. 5 ಬೋನು ಅಥವಾ ಡೈವಿಂಗ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ. ದಿನಕ್ಕೆ 3 ಸಾಕು, 15 ಯಾಕೆ? ಸಿಲಿಂಡರ್ ಮೇಲೂ ಬಾವುಟದ ಮೇಲೂ ನಂಬರ್. ಕೆಲವು ಕೊಲ್ಲಿಗಳನ್ನು ಮಾತ್ರ ಗುರುತಿಸಿ, ಅಲ್ಲಿ ಬೋನು ಇಡದ ಹಾಗೆ ಮಾಡಿ, ಮೂರು ವರ್ಷದ ಪ್ರಯೋಗ ಅಂತ ಶುರು ಮಾಡಿದರೆ ಅನುಮಾನಕ್ಕೆ ಜಾಗ ಕಡಿಮೆ. ಮೊದಲು ನನಗೆ ಇನ್ನೊಂದು ಉಪಾಯ ಹೊಳೆದಿತ್ತು. ಬೇಸಿಗೆಯ ಭಾನುವಾರ ಹೇಗೂ ಬೋನು ಎತ್ತುವುದಿಲ್ಲ, ಆ ದಿನ ಡೈವರ್‌ಗಳಿಗೆ ಬಿಟ್ಟುಕೊಟ್ಟರೆ? ಒಂದೆರಡು ದಿನ ಬಲು ಜಾಣ ಉಪಾಯ ಅನ್ನಿಸಿತ್ತು. ಆಮೇಲೆ ತಲೆ ಕೆರೆದುಕೊಂಡೆ. ಭಾನುವಾರ ಅಂದರೆ ಬೋನುಗಳೆಲ್ಲ ತಳದಲ್ಲಿ ತುಂಬಿ ಕೂತಿರುವ ದಿನ, ಕಾಯುವ ಕಣ್ಣುಗಳೆಲ್ಲ ಮನೆಯಲ್ಲಿರುವ ದಿನ. ಯಾವ ಮೀನುಗಾರನೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಸದ್ಯಕ್ಕಂತೂ ಮೇನ್‌ಗೆ ಹೋಗಿ ಇಳಿಯುವವರು ಚೀಲವನ್ನು ಕಾರಿನಲ್ಲೇ ಬಿಟ್ಟು ಕ್ಯಾಮೆರಾ ಮಾತ್ರ ತಗೊಂಡು ಇಳಿಯಿರಿ. ಸಂದಿಯಲ್ಲಿ ಮೀಸೆ ಕಂಡರೆ ಫೋಟೊ ತೆಗೆಯಿರಿ, ಬಾಲ ಕಂಡರೆ ಬಲಗಡೆಯ ಎಸಳಿನಲ್ಲಿ ಕಚ್ಚು ಇದೆಯೇ ಅಂತ ನೋಡಿ, ಅಭ್ಯಾಸ ಆಗುತ್ತದೆ. ಮತ್ತೆ, ಯಾರದೇ ಬೆಂಡಿನ ಹತ್ತಿರ ಜಾಸ್ತಿ ಹೊತ್ತು ಗುಳ್ಳೆ ಬಿಡುತ್ತಾ ಕೂರಬೇಡಿ.